ಹೊಲದಾಗ ಕಳೆ, ಗುಡಿ ಮುಂದ ಲಾನು

ಕುಕನೂರು ಸೀಮೆಯ ಎರೆಹೊಲದ ರೈತನಿಗೆ ಕರಿಕಿ ಅಂದರೆ ಸಿಟ್ಟು. ಪುಸ್ತಕದಲ್ಲಿ ಅದು ಗರಿಕೆ, ಗಣಪ್ಪನಿಗೆ ಪ್ರೀತಿ. ಹೊಲದಲ್ಲಿ ಅದೇ ಕಡುವೈರಿ. ಮೇಲೆ ಕಿತ್ತರೆ ಕೆಳಗೆ ಚಿಗುರುತ್ತದೆ, ಒಂದು ಗೆಣ್ಣು ಮಣ್ಣಲ್ಲಿ ಉಳಿದರೂ ಸಾಕು. ಆದರೆ ಹಳೇ ಗುಡಿಗಳ ಸುತ್ತ ಕಾಣುವ ಲಾನು ಇದೆಯಲ್ಲ, ನಮ್ಮ ದೇಶದಲ್ಲಿ ಅದು ಬಹಳ ಕಡೆ ಇದೇ ಕರಿಕಿ! ಮಳೆಗಾಲ ಮುಗಿದಾಗ ಆ ಲಾನು ಅಲ್ಲಲ್ಲಿ ಬೋಳಾಗಿ, ತಗ್ಗಿನಲ್ಲಿ ಹಾವಸೆ ಕಟ್ಟಿರುತ್ತದೆ. ಅದನ್ನು ಸರಿಪಡಿಸುವುದು ಹೇಗೆ ಅಂತ ಕೇಳುವ ಮೊದಲು, ಅದು ಗುಡಿ ಮುಂದೆ ಬಂದದ್ದು ಯಾವಾಗ ಅಂತ ಕೇಳಬೇಕು.

ಕುಕನೂರಿನ ಪಕ್ಕದ ಇಟಗಿಯ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಅನ್ನುತ್ತದೆ. ಕುಕನೂರಿನ ನವಲಿಂಗ ಗುಡಿಗಳು ಇನ್ನೂ ಹಳೆಯವು, ರಾಷ್ಟ್ರಕೂಟರ ಕಾಲದವು. ಹಳೇ ಕನ್ನಡ ಶಾಸನಗಳಲ್ಲಿ ದೇವರಿಗೆ ಹೂದೋಟ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಗುಡಿಯ ತೋಟ ಅಂದರೆ ಪೂಜೆಗೆ ಹೂವು. ಹುಲ್ಲು ಬೆಳೆಸಿ, ದನಕ್ಕೂ ಹಾಕದೆ, ಬರೀ ನೋಡಲಿಕ್ಕೆ ಕತ್ತರಿಸಿ ಇಡೋದನ್ನ ಆಗಿನವರು ಕಂಡಿದ್ದರೆ ನಕ್ಕಿರೋರು.

ಆ ಚಟ ಇಂಗ್ಲೆಂಡಿನದು. 1830ರಲ್ಲಿ ಎಡ್ವಿನ್ ಬಡಿಂಗ್ ಎಂಬಾತ ಉಣ್ಣೆ ಬಟ್ಟೆಯ ಜುಂಗು ಕತ್ತರಿಸುವ ಯಂತ್ರ ನೋಡಿ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಲಾನು ಅಲ್ಲಿ ಮಧ್ಯಮ ವರ್ಗದ ಮನೆಗೂ ಬಂತು. ಇಲ್ಲಿ ಅದನ್ನು ಸ್ಮಾರಕಗಳಿಗೆ ಅಂಟಿಸಿದವರಲ್ಲಿ ದೊಡ್ಡ ಹೆಸರು ಲಾರ್ಡ್ ಕರ್ಜನ್. ತಾಜ್ ಮಹಲಿನ ಮುಂದಿನ ದಟ್ಟ ತೋಟ ತೆರವಾಗಿ ಬಯಲು ಹುಲ್ಲುಹಾಸು ಬಂದದ್ದು ಅವನ ಕಾಲದಲ್ಲಿ. ಪ್ರಾಚೀನ ಸ್ಮಾರಕ ಸಂರಕ್ಷಣೆಯ ಕಾನೂನು ಬಂದದ್ದು 1904ರಲ್ಲಿ. ನಾವು ಆಗ ನಿಜಾಮನ ಕಡೆಯವರು, ಆ ಕಾನೂನು ನಮಗಿರಲಿಲ್ಲ. ಹೈದರಾಬಾದಿನಲ್ಲಿ ಪ್ರಾಚ್ಯವಸ್ತು ಇಲಾಖೆ ಶುರುವಾದದ್ದು 1914ರಲ್ಲಿ, ಗುಲಾಂ ಯಜ್ದಾನಿಯವರ ಕೈಯಲ್ಲಿ. ಆದರೂ ಸ್ಮಾರಕ ಅಂದರೆ ಬೇಲಿ, ಗೇಟು, ಹಸಿರು ಹಾಸು ಅನ್ನೋ ಚಿತ್ರ ನಮ್ಮ ಕಡೆಗೂ ಬಂದು ಗಟ್ಟಿಯಾಗಿ ಕೂತಿತು.

ಮಜಾ ನೋಡಿ. ಆ ಕಾನೂನು ಬರೋದಕ್ಕೆ ಒಂದು ವರ್ಷ ಮುಂಚೆ, 1903ರಲ್ಲಿ, ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಅಂತ ರೈತರು ಎರಡು ವರ್ಷ ಅದನ್ನು ಮುಟ್ಟಲಿಲ್ಲ. ಕೊನೆಗೆ ಅಂಥ ನೇಗಿಲೇ ಎರೆಯಲ್ಲಿ ಆಳಕ್ಕಿಳಿದು ಕರಿಕಿ ಬೇರನ್ನು ಮೇಲೆತ್ತಿದ್ದು. ಹೊಲದಿಂದ ಹೊರಗೆ ಹಾಕಿದ್ದು ಗುಡಿ ಮುಂದೆ ಮರ್ಯಾದೆ ಪಡೆಯಿತು.

ಈಗ ರಿಪೇರಿಯ ಮಾತು. ಇಂಗ್ಲಿಷ್ ತೋಟದ ಪುಸ್ತಕಗಳು ಹೇಳೋದು: ಶರತ್ಕಾಲದಲ್ಲಿ ಹಾವಸೆ ಕೆರೆದು ತೆಗಿ, ನೆಲ ಚುಚ್ಚು, ಬೀಜ ಬಿತ್ತು. ಅಲ್ಲಿನ ಹುಲ್ಲು ತಂಪಿನಲ್ಲಿ ಬೆಳೆಯೋದು, ಅವರಿಗೆ ಅದು ಸರಿ. ಕರಿಕಿ ಬಿಸಿಲಿನ ಹುಲ್ಲು, ಚಳಿ ಬಿತ್ತೆಂದರೆ ಮಂದವಾಗುತ್ತದೆ. ಆದ್ದರಿಂದ ನಮ್ಮಲ್ಲಿ ಉತ್ತರಿ, ಹಸ್ತ ಮಳೆಯೊಳಗೇ ಕೆಲಸ ಮುಗಿಸಬೇಕು. ಚಿತ್ತಿ ದಾಟಿದರೆ ಬೇರು ಹಿಡಿಯಲಿಕ್ಕೆ ಪುರಸೊತ್ತಿಲ್ಲ. ಬೀಜವೂ ಬೇಡ, ಗೆಣ್ಣಿರುವ ತುಂಡು ಸಾಕು.

ಹಾವಸೆ ಮೇಲೆ ಸಿಟ್ಟು ಮಾಡಿಕೊಳ್ಳಬಾರದು. ಅದಕ್ಕೆ ನಿಜವಾದ ಬೇರೇ ಇಲ್ಲ, ಹುಲ್ಲನ್ನು ಕೊಲ್ಲೋದೂ ಇಲ್ಲ, ಹುಲ್ಲು ಸತ್ತ ಜಾಗದಲ್ಲಿ ಬಂದು ಕೂರುತ್ತದೆ. ಹುಲ್ಲನ್ನು ಸಾಯಿಸೋದು ನಿಂತ ನೀರು, ನೆರಳು, ಜನ ತುಳಿದು ಗಟ್ಟಿಯಾದ ಮಣ್ಣು. ತಗ್ಗಿಗೆ ಉಸುಕು, ಕೊಳೆತ ಗೊಬ್ಬರ ಕಲಸಿ ಹಾಕಿ ನೆಲ ಸಮ ಮಾಡಬೇಕು, ಇಳಿಜಾರು ಗುಡಿಯಿಂದ ಹೊರಗೆ ಇರಬೇಕು, ಒಂದೂವರೆ ತಿಂಗಳು ಯಾರೂ ತುಳಿಯಬಾರದು. ಇದಿಲ್ಲದೆ ಬರೀ ಹಾವಸೆ ಕೆರೆದರೆ ಮುಂದಿನ ಮಳೆಗೆ ಮತ್ತೆ ಅದೇ.

ಇದರಲ್ಲಿ ನನಗೆ ಚಿಂತೆ ಹುಲ್ಲಿಂದಲ್ಲ, ನೀರಿಂದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅದರ ಮೇಲೆ ಕೂತ ಕಲ್ಲಿಗೆ ಈ ಏರಿಳಿತ ಒಳ್ಳೇದಲ್ಲ. ಬ್ಯಾಸಿಗ್ಯಾಗ ಲಾನು ಹಸಿರಿರಲಿ ಅಂತ ಜಗತಿಯ ಬುಡಕ್ಕೇ ಪೈಪು ಹಚ್ಚೋದು ನನಗೆ ಒಪ್ಪಿಗೆಯಿಲ್ಲ. ಗೋಡೆಯಿಂದ ನಾಲ್ಕು ಹೆಜ್ಜೆ ಗರಸು ಹಾಕಿ ಬಿಡಲಿ. ಅದರಾಚೆ ಕರಿಕಿ ಬ್ಯಾಸಿಗ್ಯಾಗ ಕೆಂಪಾದರೆ ಆಗಲಿ, ಸಾಯೋದಿಲ್ಲ. ಬೇಕಿದ್ದರೆ ಪಕ್ಕದ ಹೊಲದ ರೈತನನ್ನು ಕೇಳಿ.