ಸೊಕ್ಕು ಮುರಿಯುವ ಆಟ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಶಾಸನಗಳು ಕೋಗಳಿ ಐನೂರು ಎಂದು ಕರೆದ ಸೀಮೆ ಹೆಚ್ಚುಕಡಿಮೆ ಇದೇ. ಜಿನಬಸದಿ ಮತ್ತು ಶಾಸನಗಳನ್ನು ಹುಡುಕಿಕೊಂಡು ಚರಿತ್ರೆಕಾರರು ನಮ್ಮ ಕೋಗಳಿಗೆ ಬರುತ್ತಾರೆ, ಕಲ್ಲು ಓದಿ ಹೋಗುತ್ತಾರೆ. ಕಲ್ಲಿನಲ್ಲಾಗಲಿ ಕಾಗದದಲ್ಲಾಗಲಿ ಯಾರೂ ಬರೆದಿಡದ ಇನ್ನೊಂದು ಚರಿತ್ರೆಯೂ ಈ ಸೀಮೆಗಿದೆ. ನಾಟಕ, ಸಿನಿಮಾ ನೋಡಿ ಜನ ತೀರ್ಪು ಕೊಡುತ್ತಿದ್ದ ಬಗೆಯ ಚರಿತ್ರೆ ಅದು. ಅದನ್ನು ಕಂಡವರು ಇನ್ನೂ ಬದುಕಿರುವಾಗಲೇ ಬರೆದಿಡಬೇಕು ಎಂಬ ಹಂಬಲದಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಪ್ಪ ಪೇಟಿ ಮಾಸ್ತರ. ಹಾರ್ಮೋನಿಯಂ ಹೆಗಲಿಗೆ ಹಾಕಿಕೊಂಡು ಊರೂರಿಗೆ ಹೋಗಿ, ಹೊಲದ ಕೆಲಸ ಮುಗಿಸಿ ಬಂದ ಗಂಡಸರಿಗೆ ರಾತ್ರಿ ಗುಡಿಯಲ್ಲಿ ತಾಲೀಮು ಕೊಡುತ್ತಿದ್ದರು. ಗದಗಿನಿಂದ ನಾಟಕದ ಪುಸ್ತಕ ತರಿಸುವುದು, ಪಾತ್ರ ಹಂಚುವುದು, ಓದಲು ಬಾರದವರಿಗೆ ಮಾತು ಬಾಯಿಪಾಠ ಮಾಡಿಸುವುದು, ಎಲ್ಲವೂ ಮಾಸ್ತರನದೇ ಕೆಲಸ. ಸುಗ್ಗಿ ಮುಗಿದು ಜಾತ್ರೆಯ ಕಾಲ ಬಂದಾಗ ಬಾಡಿಗೆಯ ಪರದೆ, ಸೀನರಿ ಬರುತ್ತಿದ್ದವು. ಹೆಣ್ಣು ಪಾತ್ರಕ್ಕೆ ಮರಿಯಮ್ಮನಹಳ್ಳಿಯ ಕಲಾವಿದೆಯರು. ತುಂಗಭದ್ರೆಯ ಹಿನ್ನೀರಿನ ಮಗ್ಗುಲಿಗಿರುವ ಆ ಊರಿನ ಹೆಣ್ಣುಮಕ್ಕಳು ಎಷ್ಟೋ ನಾಟಕಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಸಂಜೆ ಬಸ್ಸಿಳಿದು, ಒಂದೇ ಒಂದು ಸಲ ಮಾಸ್ತರನ ಜೊತೆ ಹಾಡು ಸರಿ ಮಾಡಿಕೊಂಡು, ಬೆಳಗಿನ ತನಕ ರಂಗ ಹಿಡಿದು ನಿಲ್ಲುತ್ತಿದ್ದರು. ಕಲಿತು ಬಂದ ಗಂಡಸು ತಡವರಿಸಿದಾಗ ಅವನ ಮಾತನ್ನೂ ತಾವೇ ತುಂಬಿ ನಾಟಕ ಕಾಪಾಡುತ್ತಿದ್ದರು.

ತೀರ್ಪು ಕೊಡುವುದಕ್ಕೆ ಜನರಿಗೆ ಹಲವು ದಾರಿಗಳಿದ್ದವು. ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಕೂಗು. ಪಾತ್ರ ಹಿಡಿಸಿದರೆ ಆಯೇರಿ. ನೆಂಟರು, ಗೆಳೆಯರು ರಂಗದ ಮೇಲೇ ಹತ್ತಿ ನೋಟು, ಅಂಗಿ ಬಟ್ಟೆ, ಒಮ್ಮೊಮ್ಮೆ ಉಂಗುರ ಕೊಡುತ್ತಿದ್ದರು. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳುವ ತನಕ ರಾಜನೂ ಮಂತ್ರಿಯೂ ಸುಮ್ಮನೆ ನಿಂತಿರಬೇಕು. ಇವೆಲ್ಲ ಗಂಡಸರ ಕಡೆಯ ತೀರ್ಪುಗಳು. ಹೆಂಗಸರು ಇನ್ನೊಂದು ಮಗ್ಗುಲಿಗೆ, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುತ್ತಿದ್ದರು. ಅವರು ಕೂಗುವಂತಿರಲಿಲ್ಲ, ರಂಗ ಹತ್ತುವಂತಿರಲಿಲ್ಲ. ಅವರ ತೀರ್ಪು ಮರುದಿನ ಶೇಂಗಾ ಸುಲಿಯುವ ಕಡೆ, ನೀರಿನ ಸರದಿಯಲ್ಲಿ ಹೊರಬೀಳುತ್ತಿತ್ತು. ಯಾವ ಮಾತು ಸುಳ್ಳು, ಯಾವ ಅಳು ಖರೆ, ಯಾವ ನಗೆ ತಮ್ಮನ್ನು ಚುಚ್ಚಿತು ಎಂಬುದನ್ನು ಅವರು ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ನಿದ್ದೆಗೆಟ್ಟ ಕಣ್ಣಿನಲ್ಲೇ ಅಪ್ಪ ಅವ್ವನನ್ನು ಕೇಳುತ್ತಿದ್ದ ಮೊದಲ ಮಾತು: “ಹೆಣ್ಣುಮಕ್ಕಳು ಏನಂದ್ರು?” ಆ ಉತ್ತರ ಕೇಳಿ ಮುಂದಿನ ಊರಿನ ತಾಲೀಮಿನಲ್ಲಿ ಮಾತು ತಿದ್ದುತ್ತಿದ್ದರು. ಇದಕ್ಕಿಂತ ಗಂಭೀರವಾದ ವಿಮರ್ಶೆ ಯಾವುದಿದೆ?

ಈ ವಿಮರ್ಶೆಯ ಕಸುವು ತಿಳಿಯಬೇಕಾದರೆ ಒಂದೇ ಹಾಸ್ಯದ ಕಥೆಯನ್ನು ಬೆನ್ನು ಹತ್ತಿ ಹೋಗಬೇಕು. ಸೊಕ್ಕಿನ ಹೆಣ್ಣೊಬ್ಬಳ ಸೊಕ್ಕು ಮುರಿಯುವ ಕಥೆ ಅದು. ನಮ್ಮ ಸೀಮೆಗೆ ಅದು ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬಂದಿದೆ.

ಅದರ ಮೂಲ ವೇಷ ನಮ್ಮದೇ. ಕುಲಗೋಡ ತಮ್ಮಣ್ಣ ಕಟ್ಟಿದ ಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಬಿಂಕ, ಬಿಗುಮಾನಗಳೇ ಆಟದ ಜೀವಾಳ. ಅದಕ್ಕೂ ಹಿಂದೆ, ನಮ್ಮ ಪಕ್ಕದ ಹಂಪಿಯಲ್ಲಿ, ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗಿನಲ್ಲಿ ಪಾರಿಜಾತಾಪಹರಣ ಬರೆದ. ಅಲ್ಲಿ ಸಿಟ್ಟಿನ ಸತ್ಯಭಾಮೆ ಕೃಷ್ಣನ ತಲೆಯನ್ನೇ ಕಾಲಿನಿಂದ ಒದೆಯುತ್ತಾಳೆ. ಕೃಷ್ಣ ಸಿಟ್ಟಾಗುವುದಿಲ್ಲ, ಒದ್ದ ಕಾಲಿಗೆ ನೋವಾಯಿತೇನೋ ಎಂದು ಮರುಗುತ್ತಾನೆ. ಗಂಡ ಬಾಗಿದ್ದಕ್ಕೆ ಯಾರೂ ಅವನನ್ನು ಸಣ್ಣವನೆನ್ನಲಿಲ್ಲ. ಹೆಣ್ಣಿನ ಹಮ್ಮಿಗೂ ಒಂದು ಮಾತು, ಒಂದು ಮರ್ಯಾದೆ ಇದ್ದ ಆಟ ಇದು.

ಇಂಗ್ಲೆಂಡಿನಲ್ಲಿ ಷೇಕ್ಸ್‌ಪಿಯರ್ 1590ರ ದಶಕದ ಸುಮಾರಿಗೆ ಬರೆದ ‘ದಿ ಟೇಮಿಂಗ್ ಆಫ್ ದಿ ಶ್ರೂ’ ಇದಕ್ಕೆ ತದ್ವಿರುದ್ಧ. ಅಲ್ಲಿ ಗಂಡ ಹೆಂಡತಿಗೆ ಅನ್ನ ಕೊಡದೆ, ನಿದ್ದೆ ಕೊಡದೆ ಪಳಗಿಸುತ್ತಾನೆ. ಕೊನೆಗೆ ಅವಳೇ ನಿಂತು ಹೆಂಗಸರು ಗಂಡಂದಿರಿಗೆ ತಗ್ಗಿ ನಡೆಯಬೇಕೆಂದು ಉದ್ದನೆಯ ಉಪದೇಶ ಮಾಡುತ್ತಾಳೆ. ಪರ್ವತವಾಣಿಯವರು ಈ ನಾಟಕವನ್ನು ‘ಬಹದ್ದೂರ್ ಗಂಡ’ ಎಂದು ಕನ್ನಡಕ್ಕೆ ಒಗ್ಗಿಸಿದರು. ಮಾತಿನ ಚುರುಕಿಗೆ ಹೆಸರಾದ ಆ ನಾಟಕವನ್ನು ಹವ್ಯಾಸಿ ತಂಡಗಳು ಉತ್ಸಾಹದಿಂದ ಆಡಿದವು.

ನಮ್ಮ ಹಳ್ಳಿಯ ರಂಗಕ್ಕೆ ಮಾತ್ರ ಹೆಚ್ಚು ಹತ್ತಿರವಾದದ್ದು ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’. ಹುನಗುಂದದ ಕಡೆಯ ಸೂಳೇಭಾವಿಯ ಧುತ್ತರಗಿಯವರಿಗೆ ಹಳ್ಳಿಯ ಬಾಯಿ ಗೊತ್ತಿತ್ತು. ಸಾಲ, ಬಡ್ಡಿ, ಭೂಮಿ, ಅಣ್ಣತಮ್ಮಂದಿರ ಜಗಳ ಗೊತ್ತಿದ್ದ ಜನ ಆ ನಾಟಕವನ್ನು ತಮ್ಮದೆಂದೇ ಆಡಿದರು. 1974ರಲ್ಲಿ ಅದು ಸಿನಿಮಾ ಆಯಿತು. ಎ.ವಿ. ಶೇಷಗಿರಿರಾವ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ, ಹಳ್ಳಿಯ ಭದ್ರನಾಗಿ ರಾಜಕುಮಾರ್, ಸಿರಿವಂತರ ಮನೆಯ ಸೊಕ್ಕಿನ ದುರ್ಗಿಯಾಗಿ ಮಂಜುಳಾ. ಎಮ್ಮೆಯ ಮೇಲೆ ಕೂತು ರಾಜಕುಮಾರ್ ತಾವೇ ಹಾಡಿದ ‘ಯಾರೇ ಕೂಗಾಡಲಿ’ ಅವರ ಗಾಯನದ ಬಾಳನ್ನೇ ತೆರೆಯಿತು. ಹಿಂದೆ ಅಲ್ಲೊಂದು ಇಲ್ಲೊಂದು ಹಾಡಿದ್ದವರು ಅಲ್ಲಿಂದ ಮುಂದೆ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು.

ನಾಟಕ ಕಂಠಪಾಠವಿದ್ದ ಜನ ಆ ಸಿನಿಮಾಕ್ಕೆ ಹೋದದ್ದು ಪರೀಕ್ಷಕರ ಹಾಗೆ. ಯಾವ ಮಾತು ಬಿಟ್ಟರು, ಯಾವ ಪ್ರವೇಶ ಹಿಗ್ಗಿಸಿದರು ಎಂದು ಅಪ್ಪ ಟಾಕೀಸಿನಿಂದ ಹೊರಬರುತ್ತಲೇ ಲೆಕ್ಕ ಹಿಡಿದಿದ್ದರು. ಆದರೂ ಎಲ್ಲರೂ ಒಪ್ಪಿದರು. ಹೆಂಗಸರಂತೂ ಬಾಯಿತುಂಬ ಹೊಗಳಿದರು. ಅವರ ಕಾರಣ ಕೇಳಬೇಕಾದ್ದು. ದುರ್ಗಿಯ ಸೊಕ್ಕು ಅವಳ ಹೆಣ್ತನದಿಂದ ಹುಟ್ಟಿದ್ದಲ್ಲ, ಅವಳ ಮನೆಯ ರೊಕ್ಕದಿಂದ ಹುಟ್ಟಿದ್ದು. ಅದು ಇಳಿದಾಗ ಇಳಿದದ್ದು ರೊಕ್ಕದ ಬಿಗುಪು. ಬಡವರ ಮನೆಯ ಹೆಣ್ಣುಮಕ್ಕಳು ಆ ನಗೆಯಲ್ಲಿ ಮನಬಿಚ್ಚಿ ಸೇರಿಕೊಂಡರು, ಯಾಕೆಂದರೆ ನಗೆ ತಮ್ಮ ಮೇಲೆ ಬೀಳುತ್ತಿರಲಿಲ್ಲ. ಆಮೇಲೆ ಹಳ್ಳಿಯಲ್ಲಿ ಅದೇ ನಾಟಕ ಆಡುವಾಗ ಸಿನಿಮಾದ ಹಾಡು ಇಲ್ಲದಿದ್ದರೆ ಜನ ಬಿಡುತ್ತಿರಲಿಲ್ಲ. ನಾಟಕದಿಂದ ಸಿನಿಮಾ ಹುಟ್ಟಿ, ಸಿನಿಮಾ ಮತ್ತೆ ನಾಟಕವನ್ನು ತಿದ್ದಿತು. ಅಪ್ಪ ಪೇಟಿಯ ಮೇಲೆ ಆ ಧಾಟಿ ಹಿಡಿದು ಕಲಿಸಿದರು.

ಎರಡು ವರ್ಷದ ಮೇಲೆ, 1976ರಲ್ಲಿ, ಅದೇ ಶೇಷಗಿರಿರಾವ್, ಅದೇ ರಾಜಕುಮಾರ್ ‘ಬಹದ್ದೂರ್ ಗಂಡು’ ಮಾಡಿದರು. ಈ ಸಲ ಜಂಬದ ರಾಜಕುಮಾರಿಯಾಗಿ ಜಯಂತಿ. ಅರಮನೆಯ ಕಥೆಯಾದ್ದರಿಂದ ನಮ್ಮ ಕಡೆ ಅದನ್ನು ಹಬ್ಬದ ಆಟದಂತೆ ನೋಡಿದರು. ಮನೆಗೆ ಹೊತ್ತು ತಂದು ವಾದ ಮಾಡಲಿಲ್ಲ.

ವಾದ ಎದ್ದದ್ದು 1989ರಲ್ಲಿ, ‘ನಂಜುಂಡಿ ಕಲ್ಯಾಣ’ ಬಂದಾಗ. ಪರ್ವತವಾಣಿಯವರ ‘ಬಹದ್ದೂರ್ ಗಂಡ’ವೇ ಹೊಸ ಬಟ್ಟೆ ತೊಟ್ಟು ಬಂದಿತ್ತು. ನಿರ್ದೇಶನ ಎಂ.ಎಸ್. ರಾಜಶೇಖರ್, ಸಂಗೀತ ಉಪೇಂದ್ರ ಕುಮಾರ್, ನಾಯಕ ರಾಘವೇಂದ್ರ ರಾಜಕುಮಾರ್. ನಾಯಕಿಯಾಗಿ ಹೊಸ ಹುಡುಗಿ ಮಾಲಾಶ್ರೀ. ಸಿನಿಮಾ ಭಾರಿ ಗೆದ್ದಿತು, ಮರುವರ್ಷವೇ ತೆಲುಗಿಗೂ ಹೋಯಿತು. ಆಗ ನಾನು ಹೊಸದಾಗಿ ಶಾಲೆಗೆ ಮಾಸ್ತರಿಣಿಯಾಗಿ ಸೇರಿದ್ದೆ. ಹಳ್ಳಿಗಳಲ್ಲಿ ಟಿವಿ ಮತ್ತು ವಿಸಿಪಿ ಬಾಡಿಗೆಗೆ ತಂದು ಬಯಲಿನಲ್ಲಿ ಸಿನಿಮಾ ಹಾಕಿಸುವ ಕಾಲ. ಆ ಚಿತ್ರವನ್ನು ನಾನು ಕೊಟ್ಟೂರಿನ ಟಾಕೀಸಿನಲ್ಲೂ ನೋಡಿದೆ, ಹೆಂಗಸರ ನಡುವೆ ಕೂತು ಬಯಲಿನಲ್ಲೂ ನೋಡಿದೆ.

ಮೊದಲರ್ಧದಲ್ಲಿ ಹೆಂಗಸರ ನಗೆಗೆ ತಡೆಯೇ ಇರಲಿಲ್ಲ. ಯಾರಿಗೂ ಅಂಜದೆ ಎದುರು ನಿಂತು ಮಾತಾಡುವ ಹುಡುಗಿಯನ್ನು ಅವರು ಪರದೆಯ ಮೇಲೆ ಕಂಡಿದ್ದೇ ಅಪರೂಪ. ಮದುವೆಯಾಗಿ ಗಂಡ ಅವಳ ಹಟ ಇಳಿಸತೊಡಗಿದಾಗ ಗಂಡಸರ ಕಡೆಯ ಸಿಳ್ಳೆ ಹೆಚ್ಚಾಯಿತು, ನಮ್ಮ ಕಡೆಯ ನಗೆ ಒಂದೊಂದಾಗಿ ಆರುತ್ತ ಬಂತು. ಮರುದಿನ ನಮ್ಮ ಓಣಿಯ ಹಿರಿಯಳೊಬ್ಬಳು ಹೇಳಿದ ಮಾತು ನನಗೆ ಇವತ್ತಿಗೂ ಪಾಠ: “ಆಕಿ ಮಾತು ಕೇಳಾಕಂತ ಹೋಗಿದ್ವಿ ಯವ್ವಾ. ಆಕಿ ಬಾಯೇ ಮುಚ್ಚಿಸಿಬಿಟ್ರು.” ಪೇಟೆಯಲ್ಲಿ ಚಿತ್ರದ ಗೆಲುವನ್ನು ದಿನಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು. ಶೇಂಗಾ ಸುಲಿಯುವ ಹೆಣ್ಣುಮಗಳು ಷೇಕ್ಸ್‌ಪಿಯರನ ನಾಟಕದ ನಾಲ್ಕು ಶತಮಾನದ ಹುಣ್ಣನ್ನು ಒಂದೇ ಮಾತಿನಲ್ಲಿ ಮುಟ್ಟಿ ತೋರಿಸಿದ್ದಳು. ಅವಳು ಆ ಹೆಸರು ಕೇಳಿದವಳಲ್ಲ.

ಮುಂದಿನ ವರ್ಷ, 1990ರಲ್ಲಿ, ಅದೇ ಮಾಲಾಶ್ರೀ ಬಿ. ರಾಮಮೂರ್ತಿಯವರ ‘ರಾಣಿ ಮಹಾರಾಣಿ’ಯಲ್ಲಿ ಜೋಡಿ ಪಾತ್ರದಲ್ಲಿ ಬಂದರು. ಈ ಕಥೆಯ ಪಯಣವೂ ದೊಡ್ಡದು. 1964ರ ತೆಲುಗಿನ ‘ರಾಮುಡು ಭೀಮುಡು’ವಿನಲ್ಲಿ ಎನ್.ಟಿ. ರಾಮರಾವ್ ಅಂಜುಬುರುಕನೂ ಗಟ್ಟಿಗನೂ ಆಗಿದ್ದರು. ಅದು 1967ರಲ್ಲಿ ಹಿಂದಿಯ ‘ರಾಮ್ ಔರ್ ಶ್ಯಾಮ್’ ಆಯಿತು. 1972ರ ‘ಸೀತಾ ಔರ್ ಗೀತಾ’ದಲ್ಲಿ ಜೋಡಿ ಗಂಡುಗಳ ಜಾಗಕ್ಕೆ ಜೋಡಿ ಹೆಣ್ಣುಗಳು ಬಂದರು, ಹೇಮಾ ಮಾಲಿನಿ ಎರಡೂ ಆದರು. ತೆಲುಗು ‘ಗಂಗ ಮಂಗ’, ತಮಿಳು ‘ವಾಣಿ ರಾಣಿ’ಗಳಲ್ಲಿ ವಾಣಿಶ್ರೀ ಅದೇ ಜೋಡಿಯನ್ನು ಆಡಿದರು. ಬಳ್ಳಾರಿಯ ಕಡೆ ತೆಲುಗು ಚಿತ್ರಗಳ ಓಡಾಟ ಸದಾ ಇದ್ದುದರಿಂದ ಹಿರಿಯರಿಗೆ ಹಳೆಯ ಕಥೆ ಗೊತ್ತೇ ಇತ್ತು. “ಇದು ರಾಮುಡು ಭೀಮುಡುನೇ” ಎಂದು ಗಂಡಸರು ಅಲ್ಲೇ ಗುರುತು ಹಿಡಿದರು. ಹೆಂಗಸರಿಗೆ ಅದು ದೂರು ಅನ್ನಿಸಲಿಲ್ಲ. ಹಳೆಯ ಕಥೆಯಾದರೇನು, ಈ ಸಲ ಕೈ ಎತ್ತಿದವಳು ಹೆಣ್ಣು. ಮನೆಯಲ್ಲಿ ಕಾಡುವವರ ಎದುರು ಗಟ್ಟಿಗಿತ್ತಿ ನಿಂತಾಗ ನಮ್ಮ ಮಗ್ಗುಲಿನಿಂದ ಸಿಳ್ಳೆ ಕೇಳಿಸಿತು. ನಾಟಕದ ರಾತ್ರಿಗಳಲ್ಲಿ ನಾನು ಎಂದೂ ಕೇಳದಿದ್ದ ಸದ್ದು ಅದು.

ಇಂಥ ಉತ್ತರ ಇಂಗ್ಲೆಂಡಿನಲ್ಲೂ ಹುಟ್ಟಿತ್ತು. ಷೇಕ್ಸ್‌ಪಿಯರ್ ಬದುಕಿದ್ದಾಗಲೇ, 1611ರ ಆಸುಪಾಸು, ಜಾನ್ ಫ್ಲೆಚರ್ ಎಂಬ ನಾಟಕಕಾರ ಅದೇ ಗಂಡನಿಗೆ ಎರಡನೇ ಮದುವೆ ಮಾಡಿಸಿ, ಎರಡನೇ ಹೆಂಡತಿಯಿಂದ ಅವನನ್ನೇ ಪಳಗಿಸುವ ನಾಟಕ ಬರೆದ. ನಮ್ಮಲ್ಲಿ ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ಭೀಮರಂಥ ಪಾತ್ರಗಳನ್ನು ತಾವೇ ಹೊತ್ತರು. ಹಳೆಯ ಆಟವನ್ನು ಮತ್ತೆ ಆಡುವವರು ಪ್ರತಿ ಸಲವೂ ಒಂದು ಆಯ್ಕೆ ಮಾಡಲೇಬೇಕಾಗುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ಕಟ್ಟಿದ ರಂಗಭಾರತಿಯಂಥ ಸಂಸ್ಥೆಗಳು ಈ ಸೀಮೆಯ ರಂಗದ ಆಸೆಯನ್ನು ಉಳಿಸಿದವು. ಹಳ್ಳಿಗಳಲ್ಲಿ ಇವತ್ತಿಗೂ ಜಾತ್ರೆಗೆ ನಾಟಕ ನಡೆಯುತ್ತದೆ. ಪೇಟಿಯ ಜೊತೆ ಕ್ಯಾಸಿಯೋ ಬಂದಿದೆ. ಸಿನಿಮಾ ಕೈಯೊಳಗಿನ ಫೋನಿಗೆ ಬಂದ ಮೇಲೆ ಒಟ್ಟಾಗಿ ಕೂತು ನೋಡುವುದು ಕಡಿಮೆಯಾಗಿ, ಒಟ್ಟಾಗಿ ತೀರ್ಪು ಕೊಡುವುದೂ ತೆಳುವಾಗಿದೆ. ಇದು ನನಗೆ ನೋವಿನ ಸಂಗತಿ. ಒಬ್ಬಳೇ ನೋಡಿದರೆ ನಗೆ ಎಲ್ಲಿ ನಿಂತಿತು ಎಂಬುದು ಅವಳಿಗೊಬ್ಬಳಿಗೇ ಗೊತ್ತು. ಹತ್ತು ಹೆಂಗಸರ ನಗೆ ಒಟ್ಟಿಗೆ ನಿಂತರೆ ಆಟ ಕಟ್ಟಿದವನಿಗೂ ಗೊತ್ತಾಗುತ್ತದೆ.

ಹಳೆಯ ಹಾಸ್ಯಚಿತ್ರವೊಂದನ್ನು ಹೊಸದಾಗಿ ಕಟ್ಟಿದಾಗ ಪತ್ರಿಕೆಗಳು ಕೇಳುವ ಪ್ರಶ್ನೆ, ಇದು ಮೊದಲಿನದಕ್ಕೆ ಸಮವೇ ಎಂದು. ಕೋಗಳಿ ನಾಡಿನ ಹೆಂಗಸರು ಕೇಳಿದ ಪ್ರಶ್ನೆ ಬೇರೆ: ಈ ಸಲ ನಗೆ ಯಾರ ಮೇಲೆ? ಸಂಪತ್ತಿನ ಮೇಲೆ ಬಿದ್ದರೆ ಒಪ್ಪಿದರು, ದಬ್ಬಾಳಿಕೆಯ ಮೇಲೆ ಬಿದ್ದರೆ ಸಿಳ್ಳೆ ಹೊಡೆದರು, ಮಾತು ಬಲ್ಲ ಹೆಣ್ಣಿನ ಮೇಲೆ ಬಿದ್ದರೆ ಸುಮ್ಮನಾದರು. ‘ನಂಜುಂಡಿ ಕಲ್ಯಾಣ’ದ ಆ ಕಥೆಯನ್ನು ನಾಳೆ ಯಾರಾದರೂ ಮತ್ತೆ ಎತ್ತಿಕೊಂಡರೆ, ಎತ್ತಿಕೊಳ್ಳಲಿ. ಅದರ ಚುರುಕು ಮಾತು, ಜಿದ್ದು, ಜೋಡಿಯ ತಮಾಷೆ ಎಲ್ಲವೂ ಉಳಿಯಲಿ. ಚಿತ್ರ ಬಿಡುಗಡೆಯಾಗುವ ಮೊದಲು ಅದನ್ನು ಹಗರಿಬೊಮ್ಮನಹಳ್ಳಿಯ ಹೆಂಗಸರಿಗೆ ತೋರಿಸಲಿ, ಮರುದಿನ ನನ್ನ ಅಪ್ಪ ಕೇಳಿದ ಪ್ರಶ್ನೆಯನ್ನು ಕೇಳಲಿ, ಅವರ ಉತ್ತರಕ್ಕೆ ತಕ್ಕಂತೆ ಚಿತ್ರ ತಿದ್ದಲಿ.