ಮಸ್ಕತ್ತಿನ ರೇವೂ ಮಳವಳ್ಳಿಯ ಬಯಲೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯವರಾದ ನಾವು ಹೊಳೆಯನ್ನು ಬಲ್ಲೆವು, ಕೆರೆಯನ್ನು ಬಲ್ಲೆವು. ಕಡಲು ನಮಗೆ ದೂರ. ಅರಬ್ಬರ ರೇವುಪಟ್ಟಣಗಳಿಗೂ ನಮ್ಮ ಗದ್ದೆ ಹೊಲಗಳಿಗೂ ಏನು ನಂಟು ಎಂದು ವಾಚಕರು ಕೇಳಿದರೆ ಅದು ಸಹಜವೇ. ಆದರೂ ನಂಟು ಉಂಟು. ಅದರ ಒಂದು ತುದಿ ಶ್ರೀರಂಗಪಟ್ಟಣದಲ್ಲಿದೆ, ಮತ್ತೊಂದು ತುದಿ ಓಮಾನ್ ದೇಶದ ಮಸ್ಕತ್ತಿನಲ್ಲಿ.

1785ರ ನವೆಂಬರಿನಲ್ಲಿ ಟೀಪೂ ಸುಲ್ತಾನನ ದೂತರಾದ ಗುಲಾಂ ಅಲಿ ಖಾನ್, ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್ ಎಂಬ ನಾಲ್ವರು ಶ್ರೀರಂಗಪಟ್ಟಣದಿಂದ ಹೊರಟರು. ಅವರು ಸೇರಬೇಕಾಗಿದ್ದುದು ತುರ್ಕಿಯ ಸುಲ್ತಾನನ ರಾಜಧಾನಿಯಾದ ಇಸ್ತಾಂಬುಲನ್ನು. ಮರುವರ್ಷ ಮಾರ್ಚಿಯಲ್ಲಿ, ಮುಂಗಾರಿಗೆ ಮುನ್ನ, ಗೋಕರ್ಣದ ಸಮೀಪದ ತದಡಿಯಲ್ಲಿ ನಾಲ್ಕು ಹಡಗುಗಳನ್ನೇರಿದರು. ಕಾರಕೂನರು, ಸಿಪಾಯಿಗಳು, ಆಳುಕಾಳುಗಳು ಎಲ್ಲ ಸೇರಿ ಸುಮಾರು 900 ಮಂದಿ. ಆನೆಗಳನ್ನೂ ಹಡಗಿಗೆ ಹತ್ತಿಸಿದ್ದರು. ದಾರಿಯ ವೆಚ್ಚಕ್ಕೆಂದು ಮಾರುವುದಕ್ಕೆ ಗಂಧ, ಮೆಣಸು, ಏಲಕ್ಕಿ, ಬಟ್ಟೆಗಳಿದ್ದವು. ತಂಡದ ಬರೆಹಗಾರ ಖ್ವಾಜಾ ಅಬ್ದುಲ್ ಕಾದಿರನು ಪಾರಸಿಯಲ್ಲಿ ದಿನಚರಿ ಇಟ್ಟನು. ಅದನ್ನು ಇತಿಹಾಸಕಾರ ಮೊಹಿಬ್ಬುಲ್ ಹಸನರು ಸಂಪಾದಿಸಿ, 1968ರಲ್ಲಿ ಅಚ್ಚಾಯಿತು.

ಏಪ್ರಿಲಿನಲ್ಲಿ ಮಸ್ಕತ್ತು ಕಾಣಿಸಿತು. ಮೂರು ಕಡೆಯೂ ಬೋಳು ಕಲ್ಲುಗುಡ್ಡ, ನಡುವೆ ಆಳವಾದ ರೇವು, ರೇವಿನ ಎರಡು ಪಕ್ಕಕ್ಕೂ ಪೋರ್ತುಗೀಜರು ಕಟ್ಟಿಸಿದ ಜಲಾಲಿ, ಮಿರಾನಿ ಕೋಟೆಗಳು. ಪೋರ್ತುಗೀಜರನ್ನು ಅರಬ್ಬರು 1650ರಲ್ಲೇ ಓಡಿಸಿದ್ದರು. ಕಾವೇರಿಯ ಹಸುರನ್ನು ಕಂಡ ಕಣ್ಣಿಗೆ ಆ ಊರು ಹೇಗೆ ಕಂಡಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಆದರೆ ಅನ್ನಕ್ಕಾಗಿ ಆ ಕಲ್ಲೂರು ನೋಡುತ್ತಿದ್ದುದು ನಮ್ಮ ಕಡೆಗೇ. ಮಂಗಳೂರಿನ ಅಕ್ಕಿ ಬಾರದೆ ಮಸ್ಕತ್ತಿನ ಒಲೆ ಉರಿಯುತ್ತಿರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಅಲ್ಲಿ ಮೈಸೂರು ಸರ್ಕಾರದ ಕೋಠಿಯೊಂದಿತ್ತು. ಮಾವ್‌ಜಿ ಸೇಠನೆಂಬ ಹಿಂದೂ ವರ್ತಕನು ಟೀಪುವಿನ ವ್ಯವಹಾರಗಳಿಗೆ ನೆರವಾಗುತ್ತಿದ್ದನು. ಕೋಠಿಯ ದರೋಗನಿಗೆ ಟೀಪು ಬರೆದ ಕಾಗದಗಳು ಉಳಿದಿವೆ. ಮುತ್ತು ತೆಗೆಯುವ ಮುಳುಗುಗಾರರು ಬೇಕು, ಖರ್ಜೂರದ ಸಸಿ ಬೇಕು, ರೇಷ್ಮೆಹುಳುವನ್ನೂ ಅದನ್ನು ಸಾಕಬಲ್ಲವರನ್ನೂ ಕಳುಹಿಸಬೇಕು ಎಂದು ಅವುಗಳಲ್ಲಿ ಅಪ್ಪಣೆಗಳಿವೆ. ರೇಷ್ಮೆಹುಳುವಿಗಾಗಿಯೇ ಬುರ್ಹಾನುದ್ದೀನ್, ಕಸ್ತೂರಿರಂಗ ಎಂಬಿಬ್ಬರು ಬಂಗಾಳಕ್ಕೂ ಹೋಗಿ ಬಂದರು. ನಮ್ಮ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆಯುವ ರೈತರು ಈ ಎರಡು ಹೆಸರುಗಳನ್ನು ನೆನೆಯುವುದು ನ್ಯಾಯ.

ಮಸ್ಕತ್ತಿನಿಂದ ಬೂಶಹರ್, ಅಲ್ಲಿಂದ ಬಸ್ರಾ. ಟೀಪುವಿಗೆ ಬಸ್ರಾದ ರೇವು ಗುತ್ತಿಗೆಗೆ ಬೇಕಾಗಿತ್ತು. ಪ್ರತಿಯಾಗಿ ಮಂಗಳೂರನ್ನು ಕೊಡಲು ಒಪ್ಪಿದ್ದನು. ಯೂಫ್ರಟೀಸ್ ನದಿಯಿಂದ ನಜಫ್ ಪಟ್ಟಣಕ್ಕೆ ಕಾಲುವೆ ತೋಡಿಸುವ ಅಪೇಕ್ಷೆಯನ್ನೂ ದೂತರ ಮೂಲಕ ತಿಳಿಸಿದ್ದನು. ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಹಾಕಬೇಕೆಂಬ ಅವನ ಸಂಕಲ್ಪವನ್ನು ಹೇಳುವ ಪಾರಸಿ ಶಾಸನವನ್ನು ಕೃಷ್ಣರಾಜಸಾಗರದಲ್ಲಿ ಓದಿದವರಿಗೆ ಇದು ಆಶ್ಚರ್ಯವೆನಿಸದು.

ಫಲವೇನಾಯಿತು? ಬಿರುಗಾಳಿ, ಬೆಂಕಿಗಳು ಹಡಗುಗಳನ್ನು ನುಂಗಿದವು. 1787ರ ಸೆಪ್ಟೆಂಬರಿನಲ್ಲಿ ದೂತರು ಇಸ್ತಾಂಬುಲ್ ಸೇರಿದರು. ಅಲ್ಲಿ ಪ್ಲೇಗು ಅನೇಕರನ್ನು ಕೊಂದಿತು. ಸನ್ಮಾನದ ಉಡುಗೊರೆಗಳು ದೊರೆತವು. ಬಸ್ರಾ ದೊರೆಯಲಿಲ್ಲ, ಸೈನ್ಯದ ನೆರವೂ ದೊರೆಯಲಿಲ್ಲ. ಈಜಿಪ್ಟು, ಜೆದ್ದಾಗಳ ಮೂಲಕ 1789ರ ಕೊನೆಯ ಹೊತ್ತಿಗೆ ತಾಯ್ನೆಲವನ್ನು ಮುಟ್ಟಿದವರು ಕೆಲವರು ಮಾತ್ರ.

ಹಾಗಾದರೆ ಇದು ಬರಿಯ ಸೋಲಿನ ಕಥೆಯೆ? ಮುಂದಿನದನ್ನು ನೋಡಿ. 1798ರ ಅಕ್ಟೋಬರಿನಲ್ಲಿ ಇಂಗ್ಲಿಷ್ ಕಂಪನಿಯು ಮಸ್ಕತ್ತಿನ ದೊರೆಯೊಡನೆ ಕೌಲು ಮಾಡಿಕೊಂಡು ಫ್ರೆಂಚರಿಗೆ ಆ ರೇವಿನ ಬಾಗಿಲನ್ನು ಮುಚ್ಚಿಸಿತು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟೀಪುವಿಗೆ ಕಾಗದ ಬರೆದು, ಮಸ್ಕತ್ತು ಮೋಖಾಗಳ ಮಾರ್ಗವಾಗಿ ಸಮಾಚಾರ ಕಳುಹಿಸೆಂದು ಕೇಳಿದನು. ಕಾಗದವು ಕೆಂಪು ಸಮುದ್ರದ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. ಮಾರ್ಚಿ 27ರಂದು ಮಳವಳ್ಳಿಯ ಬಯಲಿನಲ್ಲಿ ಟೀಪುವಿನ ಸೈನ್ಯವು ಜನರಲ್ ಹ್ಯಾರಿಸನ ದಂಡಿಗೆ ಸೋತು ಹಿಮ್ಮೆಟ್ಟಿತು. ಹ್ಯಾರಿಸನು ಸೋಸಲೆಯ ಬಳಿ ಕಾವೇರಿಯನ್ನು ದಾಟಿದನು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ರೇವಿನ ಕೌಲೊಂದೇ ರಾಜ್ಯವನ್ನು ಕೆಡಹಿತೆಂದು ನಾನು ಹೇಳುವುದಿಲ್ಲ. ಆದರೆ ಮಳವಳ್ಳಿಯಲ್ಲಿ ಫಿರಂಗಿ ಗುಡುಗುವ ಮೊದಲೇ ಕಡಲ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದವೆಂಬುದು ದಿಟ. ಯಾವ ರೇವಿಗಾಗಿ ದೂತರು ತೊಳಲಿದರೋ ಅದರ ಬೆಲೆಯನ್ನು ಶತ್ರುಗಳೂ ಅಷ್ಟೇ ಚೆನ್ನಾಗಿ ಅರಿತಿದ್ದರು.

ಟೀಪುವಿನ ವಿಚಾರದಲ್ಲಿ ಜನರ ಅಭಿಪ್ರಾಯಗಳು ಬೇರೆಬೇರೆ; ಅದರ ತೀರ್ಪು ಇಲ್ಲಿ ಬೇಡ. ನನ್ನ ಬಿನ್ನಹ ಇಷ್ಟೇ: ನಾಲ್ವರು ದೂತರ ಹೆಸರು ಚರಿತ್ರೆಯಲ್ಲಿ ನಿಂತಿದೆ. ಅವರ ಪೆಟ್ಟಿಗೆ ಹೊತ್ತವರು, ಅಡಿಗೆ ಮಾಡಿದವರು, ಆನೆಗೆ ಮೇವಿಟ್ಟವರು ಪರದೇಶದ ಮಣ್ಣಾದರು. ಅವರು ಹೊರಟದ್ದು ನಮ್ಮ ಶ್ರೀರಂಗಪಟ್ಟಣದಿಂದ. ಮಕ್ಕಳಿಗೆ ಚರಿತ್ರೆ ಹೇಳುವಾಗ ಕೋಟೆಯ ಗೋಡೆಯನ್ನು ತೋರಿಸಿದಂತೆಯೇ, ಮರಳಿ ಬಾರದವರು ಹೋದ ಪಡುವಣ ದಿಕ್ಕನ್ನೂ ಒಮ್ಮೆ ತೋರಿಸೋಣ.