ಹಿಮದ ಮೈದಾನವೋ, ಬಿಸಿಲ ನಾಡೋ?

1967ರ ಡಿಸೆಂಬರ್ 31. ಅಮೆರಿಕದ ಗ್ರೀನ್ ಬೇ ಎಂಬ ಸಣ್ಣ ಊರಿನಲ್ಲಿ ಉಷ್ಣಾಂಶ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಅಂದೇ ಅಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಪಟ್ಟಕ್ಕಾಗಿ ಪಂದ್ಯ. ಇದು ನಮ್ಮ ಕಾಲ್ಚೆಂಡಾಟವಲ್ಲ; ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ನೆಲದಡಿ ಹುದುಗಿಸಿದ್ದ ಬಿಸಿ ತಂತಿಗಳು ಕೈಕೊಟ್ಟು ಮೈದಾನ ಕಲ್ಲಾಯಿತು. ರೆಫರಿಗಳ ಸೀಟಿ ಹೆಪ್ಪುಗಟ್ಟಿತು. ಕೊನೆಯ 13 ಸೆಕೆಂಡು ಉಳಿದಿದ್ದಾಗ ಬಾರ್ಟ್ ಸ್ಟಾರ್ ಚೆಂಡಿನೊಡನೆ ಗೆರೆ ದಾಟಿದರು. ಡಲ್ಲಾಸ್ ತಂಡ 21-17ರಿಂದ ಸೋತಿತು.

ಪಟ್ಟ ಸಲ್ಲಬೇಕಾದದ್ದು ಆಟಕ್ಕೋ, ಚಳಿ ತಾಳುವ ಶಕ್ತಿಗೋ?

ಅದೇ ವರ್ಷದ ಜನವರಿಯಲ್ಲಿ ಆರಂಭವಾಗಿದ್ದ ಸೂಪರ್ ಬೌಲ್ ಬೆಚ್ಚಗಿನ ಊರುಗಳನ್ನೇ ಅರಸಿತು. 1982ರಲ್ಲಿ ಶೀತಪ್ರದೇಶದ ಪಾಂಟಿಯಾಕ್‌ಗೆ ಹೋದಾಗಲೂ ಆಟ ನಡೆದದ್ದು ಚಾವಣಿಯಡಿ. ಚಳಿಯೂರಿನ ಬಯಲಿನಲ್ಲಿ ಮೊದಲು ನಡೆದದ್ದು 2014ರಲ್ಲಿ, ನ್ಯೂಜೆರ್ಸಿಯಲ್ಲಿ. ಅಂದು ಸುಮಾರು 9 ಡಿಗ್ರಿ. ಹಿಮ ಬಿದ್ದದ್ದು ಮರುದಿನ!

ಋತುವಿಡೀ ಗೆದ್ದು ತವರಿನ ಅಂಗಳ ಗಳಿಸಿದ ತಂಡಕ್ಕೆ ಅಲ್ಲಿನ ಚಳಿಯೂ ನ್ಯಾಯವಾದ ಗಳಿಕೆ. ಆದರೆ ವರ್ಷಗಳ ಮೊದಲೇ ಗೊತ್ತುಮಾಡಿದ ತಟಸ್ಥ ಊರಿನಲ್ಲಿ ಒಂದು ಹಿಮಗಾಳಿ ಪಟ್ಟವನ್ನು ನಿರ್ಧರಿಸುವುದು ಯಾರ ಗಳಿಕೆಯೂ ಅಲ್ಲ. ಸೂಪರ್ ಬೌಲ್ ಬೆಚ್ಚಗಿರುವುದೇ ಸರಿ. ವಿಚಿತ್ರವೆಂದರೆ, ಅದರ ಟ್ರೋಫಿಗಿರುವುದು ಅಂದು ಗ್ರೀನ್ ಬೇಯ ಹಿಮದಲ್ಲಿ ಗೆದ್ದ ತರಬೇತುದಾರ ವಿನ್ಸ್ ಲೊಂಬಾರ್ಡಿಯ ಹೆಸರು.